ಇಲ್ಲ ಎನ್ನಲಾರದ ಬಾಯಿ

ಮನುಷ್ಯನ ಕಸುಬು, ಅಂತಸ್ತು, ಗುಣ ಎಲ್ಲ ಅವನ ಬಾಯಲ್ಲೇ ಇರುತ್ತದೆ ಎಂಬುದು ನನ್ನ ಅನುಭವ. ಇಸ್ತ್ರಿ ಅಂಗಿ ಹಾಕಿ ಮರೆಸೋಣ ಅಂದುಕೊಂಡರೂ ಬಾಯಿ ತೆರೆದ ಕೂಡಲೇ ಬಂಡವಾಳ ಬಯಲು. ನನ್ನನ್ನೇ ನೋಡಿ. ಪನಮರಂ ಪೇಟೆಯಲ್ಲಿ ನನ್ನದೊಂದು ದಿನಸಿ ಅಂಗಡಿ, ತಾತ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದು ಇಟ್ಟದ್ದು. ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಆದರೆ ಎದುರಿಗಿರುವವರ ಮುಖ ನೋಡಿ 'ಇಲ್ಲ' ಅನ್ನುವುದು ಮಾತ್ರ ಯಾವ ಭಾಷೆಯಲ್ಲೂ ನನ್ನಿಂದಾಗದು. "ಗಿರಾಕಿಗೆ ಇಲ್ಲ ಅನ್ಬೇಡ, ಲಕ್ಷ್ಮಿ ಎದ್ದು ಹೋಗ್ತಾಳೆ" ಅಂತ ಅಪ್ಪ ಗಲ್ಲಾಪೆಟ್ಟಿಗೆ ಪಕ್ಕ ಕೂರಿಸಿಕೊಂಡು ಕಲಿಸಿದ ಪಾಠ. ಬೆಲ್ಲ ಮುಗಿದಿದ್ದರೆ 'ನಾಳೆ ಬರುತ್ತೆ' ಅನ್ನಬೇಕು. 'ಇಲ್ಲ', 'ನಾಳೆ' ಎರಡೂ ಮಲಯಾಳದಲ್ಲೂ ಹಾಗೇ ಇರುವುದರಿಂದ ಒಂದನ್ನು ನುಂಗಿ ಇನ್ನೊಂದನ್ನು ಹೇಳುವುದು ನನಗೆ ಸಲೀಸು. ಈಚೆಗೆ ಡಾಕ್ಟರು "ಜ್ವರ ಇದೆಯಾ?" ಅಂತ ಕೇಳಿದಾಗಲೂ "ನಾಳೆ ಬರುತ್ತೆ" ಅಂದುಬಿಟ್ಟೆ. ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು.

ಇಂಥ ನನಗೆ ಸುಧಾ ಅಂತ ಒಬ್ಬಳೇ ಮಗಳು. ಪಯ್ಯಂಪಳ್ಳಿಯ ಶಾಲೆಯೊಂದರಲ್ಲಿ ಟೀಚರು. ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದರೂ ಒಂದು ದಿನ ಬೇಸರ ಅಂದವಳಲ್ಲ, ಆ ಕೆಲಸವೆಂದರೆ ಪ್ರಾಣ. ಕಳೆದ ಭಾನುವಾರ ಅವಳನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಹುಡುಗನ ತಂದೆ ನಿವೃತ್ತ ಅಧಿಕಾರಿ. ಬೆಳಿಗ್ಗೆಯೇ ನನ್ನ ಹೆಂಡತಿ ನಾಗರತ್ನ, "ರೀ, ಅಂಗಡಿ ಬಾಯಿ ಅಂಗಡೀಲೇ ಬಿಟ್ಟು ಬನ್ನಿ. ಇವತ್ತು ನೀಟಾಗಿ ಮಾತಾಡ್ಬೇಕು" ಅಂತ ತಾಕೀತು ಮಾಡಿದಳು. ಸುಧಾ ಮಾತ್ರ ಪಕ್ಕಕ್ಕೆ ಕರೆದು, "ಅಪ್ಪಾ, ಹೇಗಾದ್ರೂ ಮಾತಾಡು. ಕೆಲಸ ಬಿಡ್ಬೇಕು ಅಂದ್ರೆ ಮಾತ್ರ ಇಲ್ಲ ಅಂದ್ಬಿಡು, ಅಷ್ಟು ಸಾಕು" ಅಂದಳು. "ಆಯ್ತು ಮೋಳೇ" ಅಂದೆ. ಮಗಳ ಮೇಲೆ ಮುದ್ದು ಬಂದಾಗ ನನ್ನ ಬಾಯಲ್ಲಿ ಮಲಯಾಳವೇ ಬರುವುದು.

ಬಂದರು. ಹುಡುಗನ ತಂದೆಯ ಮಾತು ಅಚ್ಚು ಹಾಕಿಸಿದಂತಿತ್ತು. "ತಮ್ಮ ಉದ್ಯೋಗ?" ಅಂದರು. "ಬಿಸಿನೆಸ್" ಅಂದೆ, ಗಂಭೀರವಾಗಿ. ನಾಗರತ್ನಳ ಮುಖ ಅರಳಿತು. ಉಪ್ಪಿಟ್ಟು ಬರುವ ತನಕ ಎಲ್ಲ ಸರಿಯಾಗೇ ಇತ್ತು. ತಟ್ಟೆ ಕಂಡದ್ದೇ, "ಬೇರೆ ಏನು ಕೊಡಲಿ? ಒಳ್ಳೇ ಫ್ರೆಶ್ ಇದೆ" ಅಂದುಬಿಟ್ಟೆ. ನಾಗರತ್ನ ಕೆಮ್ಮಿದಳು. ಹುಡುಗನ ತಾಯಿ "ಹುಡುಗಿಗೆ ಹಾಡು ಬರುತ್ತಾ?" ಅಂದರು. "ನಾಳೆ ಬರುತ್ತೆ" ಅಂದೆ. ಹುಡುಗ ಕಿಸಕ್ಕನೆ ನಕ್ಕ. ಅವನಪ್ಪ ನಗಲಿಲ್ಲ. ಈ 'ಬಿಸಿನೆಸ್' ಯಾವುದು ಅಂತ ಅವರಿಗೆ ಅಷ್ಟರಲ್ಲಿ ಗೊತ್ತಾಗಿಹೋಗಿತ್ತು.

ಕಾಫಿ ಹೊತ್ತಿಗೆ ಅವರು ವಿಷಯಕ್ಕೆ ಬಂದರು. "ನಮ್ಮಲ್ಲಿ ಸೊಸೆಯರು ಹೊರಗೆ ದುಡಿಯುವ ಪದ್ಧತಿ ಇಲ್ಲ. ಮದುವೆಯಾದ ಮೇಲೆ ಕೆಲಸ ಬಿಡಿಸುತ್ತೀರಲ್ಲ?"

ಸುಧಾ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಕಣ್ಣು ನನ್ನ ಬಾಯಿಯ ಮೇಲೆ. ನಾನು ಬಾಯಿ ತೆರೆದೆ. 'ಇ' ಗಂಟಲ ತನಕ ಬಂತು, ಸತ್ಯವಾಗಿಯೂ ಬಂತು. ಆದರೆ ಎದುರಿಗೆ ಕೂತವರು ಥೇಟ್ ಗಿರಾಕಿಯ ಹಾಗೆ ಕತ್ತು ಚಾಚಿ ಕಾಯುತ್ತಿದ್ದರು. "ಅದಕ್ಕೇನಂತೆ... ನಾಳೆ ಹೇಳ್ತೀನಿ" ಅಂದೆ.

"ಸಂತೋಷ. ಹಾಗಾದರೆ ಒಪ್ಪಿಗೆ ಅಂತಲೇ ತಿಳಿಯುತ್ತೇವೆ."

ಸುಧಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಇಲ್ಲ" ಅಂದಳು. "ಕೆಲಸ ಬಿಡಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ."

ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಮೆಲ್ಲಗೆ, "ನೋಡಿದ್ಯಾ, ನಮ್ಮಪ್ಪ ಹೇಳಿದ್ದು ಸುಳ್ಳಲ್ಲ. ಇಲ್ಲ ಅಂದ ಕೂಡಲೇ ಎದ್ದು ಹೋದರು" ಅಂದೆ.

"ಎದ್ದು ಹೋದದ್ದು ನೆಂಟರು" ಅಂದಳು ನಾಗರತ್ನ. "ಲಕ್ಷ್ಮಿ ಒಳಗೆ ಲೋಟ ತೊಳೀತಾ ಇದಾಳೆ, ಹೋಗಿ ಮಾತಾಡ್ಸಿ."

ನನಗೆ ನಾಚಿಕೆಯೂ ಆಯಿತು, ಮಗಳ ಮೇಲೆ ಹೆಮ್ಮೆಯೂ ಆಯಿತು. ಅಡುಗೆಮನೆಗೆ ಹೋಗಿ "ಕೋಪಾನಾ ಮೋಳೇ?" ಅಂದೆ.

"ಕೋಪ ಹೋಗ್ಬೇಕಾ? ಮುಂದಿನ ಸಲ ಯಾರಾದ್ರೂ ಹೀಗೆ ಕೇಳಿದ್ರೆ ನೀನೇ ಇಲ್ಲ ಅನ್ಬೇಕು. ಎಲ್ಲಿ, ಈಗ ನನ್ನ ಮುಖ ನೋಡಿ ಒಂದು ಸಲ ಅಂದು ತೋರ್ಸು."

ಗಂಟಲು ಸರಿಮಾಡಿಕೊಂಡೆ. ಅವಳ ಮುಖ ನೋಡಿದೆ. ಬಾಯಿ ತೆರೆದೆ.

"ನಾಳೆ" ಅಂದೆ.