ಟೀಚರ್ ಹಿತ್ತಿಲಿನ ಹೆದ್ದಾರಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ದಯವಿಟ್ಟು ಕ್ಷಮಿಸಿ. ಮಾತೂ ಅಷ್ಟಕ್ಕಷ್ಟೇ, ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಕೈಮುಗಿದವಳು ನಾನು. ಆದರೆ ಹಿಡಿದ ಕೆಲಸ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಎಡವಟ್ಟಾದದ್ದೂ ಅದರಿಂದಲೇ!

ಬ್ರೆಡ್ ವ್ಯಾನ್ ಓಡಿಸುವ ಭಾವ ದಾರಿ ತೋರಿಸುವ ಅಂಗೈಯಗಲದ ಹಳೆಯ ಜಿಪಿಎಸ್ ಯಂತ್ರ ತಂದಿದ್ದರು. ಒಳಗೆ ನಕ್ಷೆಯೇ ಇಲ್ಲ!

“ನಕ್ಷೆಗೆ ಬೇರೆ ದುಡ್ಡಂತೆ. ಇನ್ನು ಇದು ಪೇಪರ್ ಹಾರದ ಹಾಗೆ ಇಡೋಕೆ ಸರಿ,” ಎಂದರು.

“ಬಿಟ್ಟಿ ನಕ್ಷೆ ನಾನು ಹುಡುಕ್ತೀನಿ ಭಾವ!”

ನನ್ನ ಬಾಯಿಂದ ಇಷ್ಟು ಜೋರು ಮಾತು ಕೇಳಿ ಅಕ್ಕ ಸೌಟು ಕೈಬಿಟ್ಟಳು.

“ಹುಡುಕಿದ್ರೆ ವ್ಯಾನಲ್ಲಿ ದಾರಿ ತೋರಿಸೋ ಕೆಲಸ ನಿಂದೇ. ಇಲ್ಲಾಂದ್ರೆ ಮತ್ತೆ ನಿನ್ನ ಮೂಲೆ ಸೇರ್ಕೋ,” ಎಂದರು ಭಾವ.

ಹುಡುಕಿದೆ. ಜನರೇ ಸೇರಿ ಬರೆದು, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಇಟ್ಟ ನಕ್ಷೆ ಸಿಕ್ಕಿತು. ಆಹಾ, ಇಡೀ ಭೂಮಂಡಲ ನನ್ನ ಅಂಗೈಯಲ್ಲಿ! ನಮ್ಮ ಬಡಾವಣೆಯೊಂದು ಬಿಟ್ಟು. ಅಲ್ಲಿ ಬರೀ ಬೋಳು. ‘ನಿಮ್ಮ ಬೀದಿ ಇಲ್ಲವೇ? ಯಂತ್ರ ಹಿಡಿದು ನಡೆಯಿರಿ. ಮೂಡಿದ ಗೆರೆಯನ್ನು ನಕ್ಷೆಗೆ ಸೇರಿಸಿ’ ಎಂದಿತ್ತು ಸೂಚನೆ.

ನಡೆದೆ. ಒಂದೂ ಬೀದಿ ಬಿಡಲಿಲ್ಲ. ಕೊನೆಯ ಬೀದಿಯಲ್ಲಿ ನೋಡುತ್ತೇನೆ, ಗಣಿತದ ಟೀಚರ್ ಮನೆಯೆದುರು ಗಿಡಕ್ಕೆ ನೀರು ಹಾಕುತ್ತಿದ್ದಾರೆ! ಶಾಲೆ ಬಿಟ್ಟಾಗಿನಿಂದ ಅವರಿಗೆ ನಾನು ಮುಖ ತೋರಿಸಿಲ್ಲ. ಎಡಗಡೆಯ ಗಲ್ಲಿಗೆ ನುಸುಳಿ, ಸದಾ ತೆರೆದೇ ಇರುವ ಅವರ ಹಿತ್ತಿಲಿನ ದೊಡ್ಡ ಗೇಟು ಹೊಕ್ಕು, ಬಟ್ಟೆ ಹಗ್ಗದಡಿ ಬಗ್ಗಿ, ಆಚೆಯ ಗೇಟಿನಿಂದ ಪರಾರಿಯಾದೆ. ಮೂಡಿದ ಗೆರೆಯನ್ನು ಇದ್ದದ್ದು ಇದ್ದ ಹಾಗೇ ಸೇರಿಸಿದೆ. ನಡೆದದ್ದನ್ನು ನಡೆದಿಲ್ಲ ಎನ್ನಲಾದೀತೇ?

ವಾರದ ಬಳಿಕ ಹೊಸ ನಕ್ಷೆ ಇಳಿಸಿಕೊಂಡು ಮೊದಲ ಸವಾರಿ ಹೊರಟೆವು. ಬೆಳಗಿನ ದಟ್ಟ ಮಂಜು. ಯಂತ್ರದಿಂದ ಕಣ್ಣು ಕೀಳದೆ ನಾನು ಮಹಾರಾಣಿಯ ಹಾಗೆ ಆಜ್ಞೆ ಕೊಡುತ್ತಿದ್ದೆ.

“ಎಡಕ್ಕೆ ಭಾವ. ಈಗ ಬಲಕ್ಕೆ.”

“ಇಲ್ಲಿ ದಾರಿ ಇದೆಯೇನೇ?”

“ನಕ್ಷೇಲಿ ಇದೆ!”

ಏನೋ ಪಟ್ಟನೆ ಹರಿಯಿತು. ವ್ಯಾನ್ ನಿಂತಾಗ ಗಾಜಿನ ತುಂಬ ಹೂಹೂವಿನ ಬೆಡ್‌ಶೀಟು. ಅದನ್ನು ಸರಿಸಿ ಇಣುಕಿದವರು ಟೀಚರ್!

“ಏನಪ್ಪಾ, ಬ್ರೆಡ್ಡನ್ನ ಹಿತ್ತಿಲಿಗೇ ತಂದು ಕೊಡೋ ಕಾಲ ಬಂತಾ?”

“ನಕ್ಷೆ ಇವಳದು ಮೇಡಂ,” ಎಂದು ಭಾವ ನನ್ನನ್ನು ಮುಂದೆ ತಳ್ಳಿದರು.

ಟೀಚರ್ ಯಂತ್ರ ಈಸಿಕೊಂಡು ಕನ್ನಡಕ ಏರಿಸಿದರು. “ಬೀದಿಗಳೆಲ್ಲ ಗೆರೆ ಎಳೆದ ಹಾಗಿವೆ. ನಮ್ಮನೆ ಹತ್ರ ಮಾತ್ರ ಯಾಕೆ ಸೊಟ್ಟ?”

“ನೀವು... ಮುಂದೆ ನಿಂತಿದ್ರಿ, ಟೀಚರ್.”

ಅವರು ವ್ಯಾನಿಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. “ಲೇ ಹುಚ್ಚಿ! ನನ್ನಿಂದ ತಪ್ಪಿಸ್ಕೊಳ್ಳೋಕೆ ನಮ್ಮನೇಲೇ ಹೊಸ ರಸ್ತೆ ಹಾಕಿದ್ಯಲ್ಲೇ! ನಾಳೆ ಮುಂದಿನ ಬಾಗಿಲಿಂದ ಬಾ, ಕೂತು ಮಾತಾಡೋಣ.”

“ನಿನ್ನ ಕೆಲಸ ಎಲ್ಲೂ ಹೋಗಲ್ಲ,” ಎಂದರು ಭಾವ. “ಮೊದಲು ರಸ್ತೆ ಸರಿ ಮಾಡು.”

ನಾಳೆ ಯಂತ್ರ ಹಿಡಿದು ಟೀಚರ್ ಮನೆಯ ಮುಂದಿನ ಬೀದಿಯಲ್ಲಿ ನೇರವಾಗಿ ನಡೆಯುತ್ತೇನೆ. ವ್ಯಾನಿಗೆ ಸಿಕ್ಕಿ ಕೊಳೆಯಾದ ಅವರ ಬೆಡ್‌ಶೀಟನ್ನು ಮನೆಗೆ ತಂದು ಒಗೆದಿದ್ದೆ, ಒಣಗಿದೆ, ಅದನ್ನೂ ಒಯ್ಯುತ್ತೇನೆ.