ಒಂಟಿ ಕಾಲಿನ ಹಂಸವೂ ಒಪ್ಪಿಗೆಯ ಗುಂಡಿಯೂ

ನಮ್ಮ ವಂಶದಲ್ಲಿ ನನ್ನಷ್ಟು ಕರಾರುಗಳಿಗೆ ಒಪ್ಪಿಗೆ ಕೊಟ್ಟವನು ಇನ್ನೊಬ್ಬನಿಲ್ಲ. ನಮ್ಮಜ್ಜ ಒಂದು ಕಾಗದಕ್ಕೆ ರುಜು ಹಾಕಬೇಕಾದರೆ ಅದನ್ನು ಮೊದಲು ತಮಿಳು ಬಲ್ಲವನೊಬ್ಬನ ಕೈಯಲ್ಲಿ ಓದಿಸಿ, ಅವನ ಮೇಲೆ ನಂಬಿಕೆ ಸಾಲದೆ ಇನ್ನೊಬ್ಬನ ಕೈಯಲ್ಲಿ ಓದಿಸಿ, ಇಬ್ಬರೂ ಒಂದೇ ಮಾತು ಹೇಳಿದರೆ ಇಬ್ಬರೂ ಒಳಗೊಳಗೇ ಸೇರಿಕೊಂಡಿದ್ದಾರೆ ಎಂದು ಅನುಮಾನಪಟ್ಟು ಎದ್ದು ಬರುತ್ತಿದ್ದರಂತೆ. ಅವರ ಮೊಮ್ಮಗನಾದ ನಾನು ಬಿ.ಕಾಂ. ಓದಿದವನು. ಕಂಪ್ಯೂಟರಿನ ಪರದೆಯ ಮೇಲೆ ಸೇಲಂನಿಂದ ಧರ್ಮಪುರಿಯವರೆಗೆ ಹಾಸಬಹುದಾದಷ್ಟು ಉದ್ದದ ಕರಾರು ಬಂದರೂ, ಅದರ ಬುಡದಲ್ಲಿರುವ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಹುಡುಕಿ ಒತ್ತಿ ಕಾಫಿ ಕುಡಿಯಲು ಹೋಗುತ್ತೇನೆ. ಏನಕ್ಕೆ ಒಪ್ಪಿದೆ ಎಂದು ಯಾರೂ ಕೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಾನು ಕಾಸು ಕೊಟ್ಟು ತಂದ ಪೆಟ್ಟಿಗೆಯಲ್ಲಿ ನಾನು ಬಾಡಿಗೆಗೆ ಇದ್ದೇನೆ. ಮನೆಯ ಒಡೆಯ ಏಳು ಸಮುದ್ರದಾಚೆ ಇದ್ದಾನೆ. ಅವನು ಯಾವಾಗ ಬೇಕಾದರೂ ಒಳಗೆ ಬಂದು ಅಡಿಗೆಮನೆಯ ಒಲೆಯನ್ನು ಬಚ್ಚಲಿಗೂ ಬಚ್ಚಲಿನ ಹಂಡೆಯನ್ನು ಜಗಲಿಗೂ ಜರುಗಿಸಿ, ‘ನಿಮ್ಮ ಅನುಕೂಲಕ್ಕಾಗಿ’ ಎಂದು ಚೀಟಿ ಅಂಟಿಸಿ ಹೋಗಬಹುದು. ಇಷ್ಟಕ್ಕೆಲ್ಲ ನಾನು ಒಪ್ಪಿದ್ದೆ.

ನಮ್ಮದು ಸೇಲಂ ಪೇಟೆಯ ನೇಯ್ಗೆಯವರ ಬೀದಿ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಶಾಲೆಯಲ್ಲಿ ನಾನು ಕಲಿತದ್ದು ತಮಿಳೇ. ಕನ್ನಡದ ಅಕ್ಷರಗಳನ್ನು ಅಜ್ಜ ಮಗ್ಗದ ಪಕ್ಕ ಕೂರಿಸಿಕೊಂಡು ತಿದ್ದಿಸಿದರು. ಆದ್ದರಿಂದ ನನ್ನ ಕನ್ನಡದಲ್ಲಿ ಅಲ್ಲಲ್ಲಿ ಎಳೆ ಕಿತ್ತಿದ್ದರೆ ಓದುಗರೇ ಗಂಟು ಹಾಕಿಕೊಂಡು ಮುಂದೆ ಹೋಗಬೇಕು. ಮನೆಯಲ್ಲಿ ಎರಡು ಮಗ್ಗ, ಒಬ್ಬ ಹೆಂಡತಿ, ಒಬ್ಬ ದೊಡ್ಡತ್ತೆ, ಒಂದು ಹಳೆಯ ಕಂಪ್ಯೂಟರು. ದೊಡ್ಡತ್ತೆ ಎಂದರೆ ನಮ್ಮಪ್ಪನ ಅಕ್ಕ. ಒಂದು ಕಾಲದಲ್ಲಿ ಸೀರೆಯ ಅಂಚಿಗೆ ಚಿತ್ತಾರ ಬರೆಯುವುದರಲ್ಲಿ ಬೀದಿಗೇ ದೊಡ್ಡವಳು. ಚೌಕುಳಿ ಕಾಗದದಲ್ಲಿ ಒಂದೊಂದು ಮನೆಗೆ ಒಂದೊಂದು ಎಳೆಯಂತೆ ಲೆಕ್ಕ ಹಿಡಿದು ಅವಳು ಬರೆದ ಹಂಸದಂಚು ನಮ್ಮ ಮನೆತನದ ಹೆಮ್ಮೆ. ಆ ಹಂಸ ಒಂಟಿ ಕಾಲಿನಲ್ಲಿ ನಿಂತಿರುತ್ತದೆ. ಚಿಕ್ಕಂದಿನಲ್ಲಿ ನಾನು ಕಾರಣ ಕೇಳಿದಾಗ ದೊಡ್ಡತ್ತೆ, “ಅದು ತಪಸ್ ಮಾಡ್ತೈತೆ ಕಣ್ಲಾ, ಸುಮ್ನಿರು” ಅಂದಿದ್ದಳು. ಅಂದಿನಿಂದ ಸೀರೆ ಕೊಳ್ಳಲು ಬಂದವರಿಗೆಲ್ಲ ನಾನು ಆ ತಪಸ್ಸಿನ ಮಹಿಮೆಯನ್ನು ವಿವರಿಸುತ್ತ ಬಂದಿದ್ದೇನೆ. ಕಾಗದದ ಮೂಲವನ್ನು ಗೆದ್ದಲು ಓದಿ ಮುಗಿಸಿತು. ಅಷ್ಟರಲ್ಲಿ ನಾನು ಅದನ್ನು ಕಂಪ್ಯೂಟರಿಗೆ ಏರಿಸಿದ್ದೆ ಎಂಬುದೊಂದೇ ಸಮಾಧಾನ. ದೊಡ್ಡತ್ತೆಗೆ ಈಗ ಕಣ್ಣು ಮಂಜು. ಇನ್ನೊಮ್ಮೆ ಬರೆಯುವ ಮಾತಿಲ್ಲ.

ಈ ಸಲ ಆ ಅಂಚು ಬೇಕಾದದ್ದು ಅಕ್ಕನ ಮಗಳು ಯಮುನಾಳ ಮದುವೆಗೆ. ನಮ್ಮಲ್ಲಿ ಧಾರೆಯ ಸೀರೆ ಕೊಡಬೇಕಾದವನು ಸೋದರಮಾವ. ಬೇರೆ ಕಸುಬಿನವರಾದರೆ ಅಂಗಡಿಯಿಂದ ತರುತ್ತಾರೆ. ನೇಯ್ಗೆಯವರ ಮನೆಯ ಮಾವ ಅಂಗಡಿಯಿಂದ ಸೀರೆ ತಂದರೆ, ಅಡಿಗೆಭಟ್ಟ ತನ್ನ ಮನೆಯ ಮದುವೆಗೆ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿ ತಂದ ಹಾಗೆ. ಯಮುನಾ ಬೇರೆ ಫೋನಿನಲ್ಲಿ, “ಮಾಮಾ, ಹಂಸದಂಚೇ ಬೇಕು, ದೊಡ್ಡಜ್ಜಿ ಕಣ್ಮುಂದೇನೆ ಉಟ್ಕೋಬೇಕು” ಎಂದಿದ್ದಳು. ಚಿತ್ತಾರವನ್ನು ಮೊದಲು ರಟ್ಟಿನ ಅಟ್ಟೆಗಳಲ್ಲಿ ತೂತು ಹೊಡೆಸಬೇಕು. ಆ ತೂತಿನಿಂದಲೇ ಮಗ್ಗಕ್ಕೆ ಯಾವ ಎಳೆ ಎತ್ತಬೇಕೆಂದು ತಿಳಿಯುತ್ತದೆ. ಅಟ್ಟೆ ಹೊಡೆಯುವವರು ಖಂಡಿತವಾಗಿ ಹೇಳಿದ್ದರು: ಇವತ್ತು ಸಂಜೆಯೊಳಗೆ ತಂದರೆ ಸರಿ, ಇಲ್ಲವಾದರೆ ಮುಂದಿನ ತಿಂಗಳು. ಮುಂದಿನ ತಿಂಗಳು ಸೀರೆ ನೇಯ್ದರೆ ಅದನ್ನು ಯಮುನಾಳ ಸೀಮಂತಕ್ಕೆ ಉಡಿಸಬೇಕಾಗುತ್ತಿತ್ತು.

ಆ ಬೆಳಿಗ್ಗೆ ದೇವರಿಗೆ ಕೈಮುಗಿದು ಕಂಪ್ಯೂಟರು ಹಾಕಿದೆ. ಅದು ನೀಲಿಯಾಗಿ, ‘ನಿಮಗಾಗಿ ಕೆಲವು ಸಂಗತಿಗಳನ್ನು ಸಿದ್ಧಪಡಿಸುತ್ತಿದ್ದೇವೆ, ಆರಿಸಬೇಡಿ’ ಎಂಬರ್ಥದ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಚಕ್ರ ತಿರುಗಿಸುತ್ತ ಕೂತಿತು. ನಾನು ಕೇಳಿದ್ದು ಒಂದು ಹಂಸ. ಬೇರೆ ಯಾವ ಸಂಗತಿಯೂ ನನಗೆ ಬೇಕಿರಲಿಲ್ಲ. ಆದರೆ ದೊಡ್ಡವರು ಪ್ರೀತಿಯಿಂದ ಬಡಿಸುವಾಗ ಬೇಡ ಎನ್ನಲು ಅವಕಾಶವಿದ್ದರೆ ತಾನೆ? ಇಡ್ಲಿ ಬೆಂದು, ತಿಂದು, ಪಾತ್ರೆ ತೊಳೆದರೂ ಚಕ್ರ ನಿಲ್ಲಲಿಲ್ಲ. ಕೊನೆಗೆ ಪರದೆ ಬೆಳಗಿ, ನಾನು ಎಂದೂ ಕೇಳದ ಒಂದು ಖಾತೆಯ ಗುಪ್ತಪದ ಕೇಳಿತು.

“ಏನ್ಲಾ ರಂಗಾ, ಏನಂತೈತೆ ಅದು?” ಎಂದಳು ದೊಡ್ಡತ್ತೆ.

“ನೀನ್ಯಾರು ಅಂತ ಕೇಳ್ತೈತೆ, ಅತ್ತೆ.”

“ನಮ್ಮನೆ ಕರೆಂಟು ಕುಡ್ಕಂಡು ನಮ್ಮನ್ನೇ ಯಾರು ಅಂತೈತಾ? ಏಳ್ಲಾ, ಮನೆ ಯಜಮಾನ ಅಂತ.”

“ಏಳ್ದೆ. ತಪ್ಪು ಅಂತೈತೆ.”

“ಅದು ಸರಿಯಾಗೇ ಏಳ್ತೈತೆ ಬಿಡಿ,” ಎಂದು ಒಳಗಿನಿಂದ ನನ್ನ ಹೆಂಡತಿ ತೀರ್ಪು ಕೊಟ್ಟಳು.

ಪೆಟ್ಟಿಗೆಯನ್ನು ಮೊಪೆಡ್ಡಿನ ಮೇಲೆ ಮಗುವಿನಂತೆ ಕೂರಿಸಿಕೊಂಡು ಐದು ರಸ್ತೆ ಕೂಡುವಲ್ಲಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ಮುಟ್ಟಲೂ ಇಲ್ಲ. ದೂರದಿಂದಲೇ ನೋಡಿ, “ಪಳೈಯ ಮಾಡಲ್ ಸಾರ್, ಪುದುಸು ವಾಂಗಿಡುಂಗ,” ಎಂದು ಹೊಸದು ಕೊಳ್ಳುವ ಸಲಹೆ ಕೊಟ್ಟರು. ಈ ಯಂತ್ರಕ್ಕೆ ಹೊಸ ಸಿಸ್ಟಂ ಹತ್ತುವ ಅರ್ಹತೆ ಇಲ್ಲವಂತೆ, ಹಳೆಯ ಸಿಸ್ಟಮ್ಮನ್ನು ಕಂಪನಿಯವರು ಕೈಬಿಟ್ಟಿದ್ದಾರಂತೆ. ಒಳಗಿರುವ ಚಿತ್ತಾರದ ಗತಿ ಏನು ಎಂದೆ. “ಫಾರ್ಮ್ಯಾಟ್ ಪಣ್ಣಿಟ್ಟಾ ಎಲ್ಲಾಂ ಕ್ಲೀನ್ ಆಯಿಡುಂ ಸಾರ್,” ಎಂದು, ಎಲ್ಲವನ್ನೂ ಅಳಿಸಿಬಿಡುವ ಮಾತನ್ನು ಮನೆ ಗುಡಿಸಿಕೊಡುವವರ ಹಾಗೆ ನಕ್ಕು ಹೇಳಿದರು. ನನಗೆ ನಮ್ಮ ಮಗ್ಗ ನೆನಪಾಯಿತು. ಅಜ್ಜನ ಕಾಲದ ಮಗ್ಗ. ನಮ್ಮ ಬಡಗಿ ಅದರ ಒಂದೊಂದೇ ಮರ ಬದಲಾಯಿಸುತ್ತ ಬಂದಿದ್ದಾನೆ, ಈಗ ಅದರಲ್ಲಿ ಅಜ್ಜನ ಕಾಲದ್ದು ಹೆಸರು ಮಾತ್ರ. ಅದನ್ನೂ ಈ ಕಂಪನಿಯ ಮಹಾನುಭಾವರೇ ಮಾಡಿದ್ದರೆ ಹೇಗಿರುತ್ತಿತ್ತು! ಮಗ್ಗದ ಸುತ್ತ ತಗಡು ಹೊಡೆದು ‘ತೆರೆಯಬಾರದು’ ಎಂದು ಮುದ್ರೆ ಒತ್ತುತ್ತಿದ್ದರು. ಎಳೆ ಕಿತ್ತರೆ ಫೋನು ಮಾಡಿ, ತಮಿಳಿಗೆ ಒಂದು, ಹಿಂದಿಗೆ ಎರಡು ಒತ್ತಿ, ಸಂಗೀತ ಕೇಳುತ್ತ ಕಾಯಬೇಕಿತ್ತು. ಬಲಗಾಲಿನ ತುಳಿಮಣೆ ಮಾತ್ರ ಸಾದಾ ಪ್ಯಾಕೇಜಿನಲ್ಲಿ ಬರುತ್ತದೆ, ಎಡಗಾಲಿಗೆ ಮೇಲ್ದರ್ಜೆಗೆ ಏರಿ ಎನ್ನುತ್ತಿದ್ದರು. ಸೀರೆ ಅರ್ಧವಾದಾಗ ಲಾಳಿ ತಾನಾಗಿ ನಿಂತು, ‘ನಿಮ್ಮ ಅನುಭವ ಹೇಗಿತ್ತು?’ ಎಂದು ನಕ್ಷತ್ರ ಕೇಳುತ್ತಿತ್ತು.

ಈಗ ಉಳಿದದ್ದು ಒಂದೇ ದಾರಿ, ಅದು ಬಾವ. ಯಮುನಾಳ ಅಪ್ಪ, ಅಂದರೆ ನನ್ನ ಅಕ್ಕನ ಗಂಡ. ಅದಿಯಮಾನ್‌ಕೋಟೆಯಲ್ಲಿ ಮನೆ, ಧರ್ಮಪುರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ. ಮನುಷ್ಯ ಬಂಗಾರ. ಆದರೆ ಸ್ವತಂತ್ರ ತಂತ್ರಾಂಶ ಎಂಬ ಭೂತ ಹಿಡಿದಿದೆ, ಬಿಡುವುದಿಲ್ಲ. ನೆಂಟರ ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಯಾವಾಗಲೂ ಖಾಲಿ. ಗೊತ್ತಿಲ್ಲದೆ ಕೂತವನು ಕೋಸಂಬರಿಗೆ ಕೈ ಹಾಕುವಷ್ಟರಲ್ಲಿ ಲಿನಕ್ಸ್ ಎಂಬ ಬಿಟ್ಟಿ ಸಿಸ್ಟಮ್ಮಿನ ಪುರಾಣ ಶುರುವಾಗಿ, ಮಜ್ಜಿಗೆ ಬರುವ ಹೊತ್ತಿಗೆ ಅವನ ಫೋನಿನ ಸಿಸ್ಟಮ್ಮೂ ಬದಲಾಗುವ ಹಂತದಲ್ಲಿರುತ್ತದೆ. ನಾನೇ ಒಮ್ಮೆ, “ಧರ್ಮಕ್ಕೆ ಸಿಗೋದ್ರಲ್ಲಿ ಉಪ್ಪಿರಾಕಿಲ್ಲ ಬಾವ” ಎಂದು ನಾಲ್ಕು ಜನರ ಮುಂದೆ ಹಂಗಿಸಿದ್ದೆ. ಈಗ ಫೋನು ಮಾಡಿ ದನಿ ಸಣ್ಣಗೆ ಮಾಡಿ, “ಊಟ ಆಯ್ತಾ ಬಾವ?” ಎಂದೆ.

“ಸಿಸ್ಟಂ ಓಯ್ತಾ?” ಎಂದ ಅವನು. ಇಷ್ಟು ವರ್ಷದಲ್ಲಿ ನಾನು ಅವನ ಊಟ ವಿಚಾರಿಸಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಮೊದಲು ಸಿಕ್ಕ ಬಸ್ಸಿನಲ್ಲೇ ಬಂದ. ಸೊಂಟದಲ್ಲಿ ಮನೆಯೊಡತಿಯ ಬೀಗದಕೈ ಗೊಂಚಲಿನಂತೆ ಪೆನ್ ಡ್ರೈವುಗಳು. ಒಂದನ್ನು ಸಿಕ್ಕಿಸುತ್ತ, “ಅಲ್ಲ ಕಣ್ಲಾ ರಂಗಾ, ನೀನು ನೇಯೋರ ಮಗನಾಗಿ ಇದು ಅರ್ಥ ಆಗಲ್ಲ ಅಂತೀಯಲ್ಲ! ಬೀದಿಯಾಗೆ ಪಾವು ಆಸ್ತೀರಲ್ಲ, ಅದ್ಯಾರ್ದು?” ಎಂದ.

ಪಾವು ಎಂದರೆ ಹಾಸು. ಸೀರೆಯ ಉದ್ದದ ಎಳೆಗಳನ್ನೆಲ್ಲ ಬಿಸಿಲು ಏರುವ ಮುಂಚೆ ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಾಕುವುದು ನಮ್ಮಲ್ಲಿ ವಾಡಿಕೆ. “ಯಾರು ಆಸ್ತಾರೋ ಅವರ್ದು,” ಎಂದೆ.

“ಎಳೆ ಕಿತ್ರೆ ಗಂಟು ಆಕೋರ್ಯಾರು?”

“ಯಾರ್ ಕಣ್ಗೆ ಬೀಳ್ತೈತೋ ಅವ್ರು.”

“ಪರ್ಮಿಷನ್ ಕೇಳ್ತಾರಾ? ಬಿಲ್ ಕೊಡ್ತಾರಾ? ನಾಳೆ ಅವರ್ಮನೆ ಪಾವು, ನೀ ಓಗಿ ನಿಲ್ತೀಯ. ಇದೂ ಅಷ್ಟೇಯಾ. ಊರೆಲ್ಲಾ ಸೇರಿ ಆಸಿರೋ ಪಾವು. ಯಾರ್ ಬೇಕಾರೂ ಓಡಿಸ್ಬೌದು, ಒಳಗೇನೈತೆ ಅಂತ ಬಿಚ್ಚಿ ನೋಡ್ಬೌದು, ಬದಲಾಯಿಸ್ಬೌದು, ಇನ್ನೊಬ್ರಿಗೆ ಕೊಡ್ಬೌದು. ಈ ನಾಕೇ ಸುತಂತ್ರ. ನಿನ್ ಕಂಪನಿಯವ್ರು ಪಾವು ಮುಚ್ಚಿಟ್ಟು, ಎಳೆ ಕಿತ್ರೂ ತೋರಿಸಾಕಿಲ್ಲ.”

ಪಂಕ್ತಿಯಲ್ಲಿ ಹೇಳಿದ್ದರೆ ಎಲೆ ಬಿಟ್ಟು ಎದ್ದುಹೋಗುತ್ತಿದ್ದೆ. ಅವತ್ತು ಅವನಿಗೆ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತೆ. ನೋಡುನೋಡುತ್ತಿದ್ದಂತೆ ಅನರ್ಹ ಎನಿಸಿಕೊಂಡ ಪೆಟ್ಟಿಗೆ ಪೆನ್ ಡ್ರೈವಿನಲ್ಲಿದ್ದ ಸಿಸ್ಟಮ್ಮಿನ ಬಲದಿಂದ, ಒಳಗಿನದೇನೂ ಅಳಿಯದೆ, ಎದ್ದು ಕೂತಿತು, ಅದೂ ಕನ್ನಡದಲ್ಲಿ. ಮನೆಯವರೆಲ್ಲ ಸಂಭ್ರಮದಿಂದ ಮುತ್ತಿದೆವು. ‘ಕಡತಕೋಶ’, ‘ಸಿದ್ಧತೆಗಳು’, ‘ಪರಿಕರಗಳು’ ಎಂದೆಲ್ಲ ಗಂಭೀರವಾದ ಕನ್ನಡ. ನಾನು ಓದಿ ಹೇಳಿದೆ. ದೊಡ್ಡತ್ತೆ ಬಹಳ ಹೊತ್ತು ಕೇಳಿ, “ಚೆಂದಾಗೈತೆ. ಯಾವ ಬಾಸೆ?” ಎಂದಳು. ಹಳೆಯ ಗೂಡುಗಳೊಳಗೆ ಹುಡುಕಿ ಬಾವ ಒಂದು ಚಿತ್ರವನ್ನು ತೆರೆದ. ಹಂಸ ಬಂತು. ಚೌಕಚೌಕವಾಗಿ, ಕತ್ತು ತಿರುಗಿಸಿಕೊಂಡು, ಒಂಟಿ ಕಾಲಿನಲ್ಲಿ. ದೊಡ್ಡತ್ತೆ ಮಂಜುಗಣ್ಣನ್ನು ಪರದೆಗೆ ತಾಕಿಸುವಷ್ಟು ಹತ್ತಿರ ತಂದು ಬೆರಳಿನಿಂದ ಅದರ ಬೆನ್ನು ಸವರಿದಳು. ಆಗ ಬಾವ ಬಾಯಿ ತುಂಬ ಭಾಷಣ ಇಟ್ಟುಕೊಂಡೂ ಮಾತಾಡಲಿಲ್ಲ. ಅದಕ್ಕಾಗಿ ಅವನ ಹಿಂದಿನ ಎಲ್ಲ ಪಂಕ್ತಿಗಳನ್ನೂ ಕ್ಷಮಿಸಿದೆ.

ಅಟ್ಟೆಯವರಿಗೆ ಸಂಜೆಯೊಳಗೆ ಚಿತ್ತಾರ ತಲುಪಿತು. ಸತ್ಯ ಹೇಳಬೇಕೆಂದರೆ ನಮ್ಮ ಪ್ರಿಂಟರು ಮಾತ್ರ ಬಾವನ ಸಿಸ್ಟಮ್ಮಿನೊಂದಿಗೆ ಇಂದಿಗೂ ಮಾತು ಬಿಟ್ಟಿದೆ. ಅವನು ಕಪ್ಪು ಪರದೆಯ ಮೇಲೆ ಮಂತ್ರ ಟೈಪು ಮಾಡಿ ಅದನ್ನು ಒಲಿಸಿಕೊಳ್ಳಲು ನೋಡುತ್ತಲೇ ಇದ್ದಾನೆ. ಆದರೆ ಹೊಸದಾಗಿ ದೀಕ್ಷೆ ತೆಗೆದುಕೊಂಡವನಿಗೆ ಇಂಥ ಸಣ್ಣ ವಿಷಯ ಕಾಣುವುದಿಲ್ಲ. ನಾನು ಬಾವನನ್ನೂ ಮೀರಿಸಿದೆ. ಬೀದಿಯ ಟೀ ಅಂಗಡಿಯಲ್ಲಿ ನಾಲ್ಕು ಸ್ವಾತಂತ್ರ್ಯಗಳನ್ನು ಬೆರಳು ಮಡಚಿ ಎಣಿಸುತ್ತಿದ್ದೆ. ಬಚ್ಚಿಟ್ಟುಕೊಳ್ಳುವುದು ಪಾಪ, ಹಂಚುವುದು ಪುಣ್ಯ ಎನ್ನುತ್ತಿದ್ದೆ. ನನ್ನನ್ನು ಕಂಡರೆ ಜನ ಲೋಟದಲ್ಲಿ ಅರ್ಧ ಟೀ ಬಿಟ್ಟು, ಮಗ್ಗ ಕರೆಯುತ್ತಿದೆ ಎಂದು ಎದ್ದುಹೋಗುತ್ತಿದ್ದರು. ಬೀದಿಯಲ್ಲಿ ಆ ತಿಂಗಳು ನೇಯ್ಗೆ ಹೆಚ್ಚಾಯಿತು.

ಸೀರೆ ಮಗ್ಗದಿಂದ ಇಳಿದ ದಿನ ನೋಡಲು ಬಂದವರಲ್ಲಿ ಎದುರುಮನೆಯ ಪಾರ್ವತಕ್ಕನೂ ಇದ್ದಳು. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ರಂಗಾ, ಈ ಅಂಚಿನ ಫೈಲ್ ಕೊಡಪ್ಪ. ನಾನೂ ಒಂದು ನೇಯ್ತೀನಿ, ಕಲ್ಯಾಣಕ್ಕೆ ಉಟ್ಕಂಡು ಬರ್ತೀನಿ,” ಎಂದಳು.

ನನ್ನ ಬಾಯಿಂದ ಬಂದ ಮಾತನ್ನು ನನ್ನ ಕಿವಿಯೇ ನಂಬಲಿಲ್ಲ. “ಅದು... ಅಂಗೆಲ್ಲ ಕೊಡಾಕೆ... ಅದು ನಮ್ಮ ಮನೆತನದ್ದು ಅಕ್ಕಾ. ಒರಗಿನವ್ರಿಗೆ...” ದನಿ ನಯವಾಗಿತ್ತು, ವಿಷಾದಪೂರ್ಣವಾಗಿತ್ತು. ತಮಿಳಿಗೆ ಒಂದು ಒತ್ತಿ ಎನ್ನುವುದೊಂದು ಬಾಕಿ.

ಮೂಲೆಯಲ್ಲಿ ಕೂತಿದ್ದ ದೊಡ್ಡತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಯಾವ ಮನೆತನದ್ದುಲಾ? ಅದು ಇವಳತ್ತೆ ಸೀರೇದು! ನಮ್ಮ ಪಾವು ಆಸಿದ್ ದಿನ ಬಂದು ಎಳೆ ಗಂಟಾಕ್ತಾ ನಿಂತಿದ್ಲು. ನಾನು ಬಗ್ಗಿ ಗಂಜಿ ಅಚ್ತಾ ಅಚ್ತಾ ಅವಳ ಅಂಚು ನೋಡ್ಕಂಡೆ. ಮನೆಗ್ ಬಂದು ಬರ್ಕಂಡೆ. ಕೇಳಿದ್ರೆ, ‘ಬರ್ಕೋ ಬುಡು’ ಅಂದ್ಲು ಪುಣ್ಯಾತ್ಗಿತ್ತಿ. ನೀನ್ಯಾವನ್ಲಾ ಬೀಗ ಆಕಾಕೆ?”

ಫೈಲು ಕೊಟ್ಟೆ. ಟೀ ಅಂಗಡಿಯ ಯಾರೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ ಎಂಬುದು ದೇವರ ದಯೆ.

ಮದುವೆ ಆದದ್ದು ಕಡಯಂಪಟ್ಟಿಯಲ್ಲಿ, ಗಂಡಿನ ಊರು. ಯಮುನಾ ಹಂಸದಂಚಿನ ಸೀರೆ ಉಟ್ಟು ಮೊದಲು ದೊಡ್ಡತ್ತೆಯ ಕಾಲಿಗೇ ಬಿದ್ದಳು. ಸೋದರಮಾವನಾಗಿ ನಾಲ್ಕು ಜನರಿಂದ ಹೊಗಳಿಕೆ ಕೇಳೋಣವೆಂದು ಅತ್ತಿತ್ತ ನೋಡಿದರೆ, ಗಂಡಿನ ಕಡೆಯ ಹೆಂಗಸರೆಲ್ಲ ಪಾರ್ವತಕ್ಕನ ಸುತ್ತ ಇದ್ದರು. ಹೋಗಿ ನೋಡಿದೆ. ಅದೇ ಹಂಸ, ಅದೇ ಕತ್ತು. ಆದರೆ ಅವಳ ಅಂಚಿನುದ್ದಕ್ಕೂ ಪ್ರತಿಯೊಂದು ಹಂಸಕ್ಕೂ ಎರಡೆರಡು ಕಾಲು. ನಡೆದುಕೊಂಡು ಹೋಗುತ್ತಿದ್ದವು.

“ಇದೇನಕ್ಕಾ?” ಎಂದೆ.

“ಪಾಪ, ಎಷ್ಟ್ ದಿನಾಂತ ಒಂಟಿ ಕಾಲಾಗೆ ನಿಂತಾತು? ಅಟ್ಟೆಯವ್ರನ್ನ ಕಾಡಿ ಬೇಡಿ ಇನ್ನೊಂದು ಕಾಲು ಇಕ್ಸ್ದೆ.”

“ಅತ್ತೆ, ಅದು ತಪಸ್ಸು ಅಂದಿದ್ಯಲ್ಲ!” ಎಂದು ದೊಡ್ಡತ್ತೆಯ ಕಡೆ ತಿರುಗಿದೆ.

“ತಪಸ್ಸೂ ಇಲ್ಲ ಗಿಪಸ್ಸೂ ಇಲ್ಲ. ಅವತ್ತು ಪಾವಿನ ಅತ್ರ ಇವಳತ್ತೆ ಸೀರೆ ಎತ್ತಿ ಕಟ್ಟಿದ್ಲು. ಮಡಿಕೇಲಿ ಅಂಸದ ಇನ್ನೊಂದು ಕಾಲು ಮುಚ್ಕಂಡಿತ್ತು. ನಂಗೆ ಕಂಡಿದ್ದೇ ಒಂದು. ನೀನು ಕೇಳ್ದೆ, ನಾನು ಏನೋ ಒಂದು ಏಳ್ದೆ.”

ಇಷ್ಟು ಕಾಲ ನಾನು ಊರಿಗೆಲ್ಲ ಕುಂಟ ಹಂಸವನ್ನು ತಪಸ್ವಿ ಎಂದು ಮಾರಿದ್ದೆ. ದೋಷವನ್ನೇ ಹೆಚ್ಚುಗಾರಿಕೆ ಎಂದು ಮಾರುವುದು ದೊಡ್ಡ ಕಂಪನಿಗಳಿಗೆ ಮಾತ್ರ ಗೊತ್ತಿರುವ ವಿದ್ಯೆ ಎಂದುಕೊಂಡಿದ್ದೆ. ಪಕ್ಕದಲ್ಲೇ ಇದ್ದ ಬಾವ ಪಾಯಸ ಕುಡಿದ. ಅಷ್ಟು ರುಚಿಯಾಗಿ ಪಾಯಸ ಕುಡಿದವನನ್ನು ನಾನು ನೋಡಿಲ್ಲ.

ಊರಿಗೆ ಬಂದ ಮೇಲೆ ಎರಡು ದಿನ ಮರ್ಯಾದೆಗೆ ಅಂಜಿ, ಮೂರನೆಯ ದಿನ ಎದುರುಮನೆಗೆ ಹೋದೆ. “ಅಕ್ಕಾ, ಆ ಎರಡು ಕಾಲಿನ ಫೈಲು...”

“ತಕ್ಕೋ. ನಿಂದೇ ಅಲ್ವಾ,” ಎಂದಳು ಪಾರ್ವತಕ್ಕ. “ಆದ್ರೆ ಒಂದು ಕಂಡೀಷನ್. ಇನ್ಮೇಲೆ ಟೀ ಕಡೆಯಾಗೆ ಆ ನಾಕು ಸುತಂತ್ರದ ಲೆಕ್ಚರ್ ಎತ್ತಬಾರ್ದು. ಬಾಯ್ ಬಿಟ್ರೆ ಅಂಸದ ಕಾಲು ವಾಪಸ್.”

ನನ್ನ ಜೀವನದಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿ, ಅರ್ಥಮಾಡಿಕೊಂಡು ಒಪ್ಪಿದ ಕರಾರು ಅದೊಂದೇ. ಅಂದಿನಿಂದ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟಿಲ್ಲ. ಟೀ ಕುಡಿಯುವಷ್ಟು ಮಾತ್ರ ಬಿಟ್ಟಿದ್ದೇನೆ. ಆದರೆ ಬರೆಯಬಾರದು ಎಂದು ಪಾರ್ವತಕ್ಕ ಹೇಳಿರಲಿಲ್ಲ. ಕರಾರಿನಲ್ಲಿ ಇಂಥ ಸಂದು ಹುಡುಕುವುದನ್ನು ನಾನು ಯಾವ ಕಂಪನಿಯವರಿಂದ ಕಲಿತೆ ಎಂದು ಬೇರೆ ಹೇಳಬೇಕಾಗಿಲ್ಲ. ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟನ್ನು ಬರೆದಿದ್ದೇನೆ. ನಿಮ್ಮಲ್ಲಿ ಯಾರಾದರೂ ನಮ್ಮ ಬೀದಿಗೆ ಬಂದರೆ ದಯವಿಟ್ಟು ಇದನ್ನು ಅವಳಿಗೆ ಓದಿ ಹೇಳಬೇಡಿ. ನನ್ನ ಹಂಸಗಳು ಈಗಷ್ಟೇ ನಡೆಯಲು ಕಲಿತಿವೆ.