ತುಕ್ಕು ಹಿಡಿದ ಗಾಲಿಯೊಡನೆ ನನ್ನ ಸೆಣಸಾಟ

ನಾಲ್ಕು ನಟ್ಟು ಬಿಚ್ಚಿದರೆ ಗಾಲಿ ಬರುತ್ತದೆ, ಗಾಲಿ ಬಂದರೆ ಅದರ ಹಿಂದಿನ, ಗಾಲಿ ಕೂರುವ ಕಬ್ಬಿಣದ ಹಬ್ ಬರುತ್ತದೆ, ಹಬ್ ಬಂದರೆ ಹೆಂಡತಿ ಬರುತ್ತಾಳೆ. ನನ್ನ ಲೆಕ್ಕ ಇಷ್ಟು ಸರಳವಾಗಿತ್ತು.

ಹೆಂಡತಿ ಸುಮಿತ್ರಾ ಮುದ್ದೇಬಿಹಾಳದ ತವರಿನಲ್ಲಿದ್ದಳು. ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಆರೈಕೆಗೆಂದು ಹೋದವಳು, ಅವರು ಎದ್ದು ಓಡಾಡತೊಡಗಿದರೂ ಬಂದಿರಲಿಲ್ಲ. ಸೊಂಟನೋವಿನವಳು, ಬಸ್ಸಿನ ಕುಲುಕಾಟ ತಾಳುವುದಿಲ್ಲ. ನಾನೇ ವ್ಯಾನ್ ಒಯ್ದು ಕರೆತರಬೇಕು. ಅದೂ ನಾಳೆಯೇ. ನಾಡಿದ್ದು ಅಮಾವಾಸ್ಯೆ, ಅಮಾವಾಸ್ಯೆಯ ದಿನ ಮಗಳನ್ನು ಕಳಿಸುವವರ ಪೈಕಿ ನಮ್ಮತ್ತೆ ಅಲ್ಲ. ಆಮೇಲೆ ಒಳ್ಳೆಯ ದಿನ ನೋಡಬೇಕು. ಅತ್ತೆಯವರಿಗೆ ಒಳ್ಳೆಯ ದಿನಗಳು ಬೇಗ ಸಿಗುವುದಿಲ್ಲ.

ಇತ್ತ ಸಿಂದಗಿಯಲ್ಲಿ ನನಗೆ ಹಗಲು ಬೀಜ-ಗೊಬ್ಬರದ ಅಂಗಡಿ, ಸಂಜೆ ಖಾನಾವಳಿಯ ರೊಟ್ಟಿ. ಮನೆಯಲ್ಲಿ ಮಾತಾಡುವುದು ಟಿವಿ ಒಂದೇ. ಅದು ತಾನು ಹೇಳುವುದನ್ನು ಹೇಳುತ್ತದೆ, ನಾನು ಹೇಳುವುದನ್ನು ಕೇಳುವುದಿಲ್ಲ. ಅನ್ನವನ್ನಷ್ಟೇ ಮನೆಯಲ್ಲಿ ಇಡುತ್ತೇನೆ, ಇಂದಿಗೂ ಇಬ್ಬರ ಅಳತೆಯೇ ಬೀಳುತ್ತದೆ. ಮರುದಿನ ಅದನ್ನೇ ಒಗ್ಗರಣೆ ಹಾಕಿ ಒಬ್ಬನೇ ತಿನ್ನುತ್ತೇನೆ. ಆ ಮನೆ ನನಗೆ ಸಾಕಾಗಿತ್ತು.

ವ್ಯಾನಿನ ಹಿಂದಿನ ಗಾಲಿ ಮಾತ್ರ ಕರಕರ ಎನ್ನುತ್ತಿತ್ತು. ಹಬ್ ಕಿತ್ತು ಒಳಗೆ ಗ್ರೀಸ್ ಹಚ್ಚಬೇಕಿತ್ತು. ಕಬ್ಬಿನ ಹಂಗಾಮು, ಗ್ಯಾರೇಜಿನ ತುಂಬ ಟ್ರ್ಯಾಕ್ಟರ್. ಪುರುಸೊತ್ತಿಲ್ಲ ಅಂದರು. ಅದಕ್ಕೇನು, ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿ ಒಬ್ಬ ಹಾಡು ಗುನುಗುತ್ತ ಹಬ್ ಕಿತ್ತು ಪಕ್ಕಕ್ಕಿಟ್ಟ. ಹಾಡಂತೂ ನನಗೂ ಬರುತ್ತದೆ.

ಬೆಳಗ್ಗೆ ಅಂಗಳದಲ್ಲಿ ಜಾಕ್ ಏರಿಸಿ ಗಾಲಿ ಕಳಚಿದೆ. ನಡುವಿನ ದೊಡ್ಡ ನಟ್ಟೂ ಬಿಚ್ಚಿತು. ಹಬ್ ಮಾತ್ರ ಅಲುಗಲಿಲ್ಲ. ತಿರುಗಿಸಿದರೆ ತಿರುಗಲೂ ಇಲ್ಲ. ತುಕ್ಕಿನ ಪ್ರತಾಪವೆಂದು ತೀರ್ಮಾನಿಸಿ, ಸೀಮೆಎಣ್ಣೆಯ ಅಭಿಷೇಕ ಮಾಡಿದೆ. ಸುತ್ತಿಗೆಯಿಂದ ಬಡಿದೆ. ಸುತ್ತಿಗೆಯ ಕಾವು ಮುರಿಯಿತು. ಖಾರ ಕುಟ್ಟುವ ಹಾರೆ ತಂದು ಬಡಿದೆ.

ಸದ್ದಿಗೆ ಓಣಿಯೇ ನೆರೆಯಿತು. ಒಬ್ಬರು ಬಿಸಿ ಮಾಡಿರಿ ಎಂದರು, ಇನ್ನೊಬ್ಬರು ತಣ್ಣೀರು ಹೊಯ್ಯಿರಿ ಎಂದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಎರಡನ್ನೂ ಮಾಡಿದೆ. ಎಲ್ಲರಿಗೂ ಚಹಾ ಕಾಸಿದೆ. ನಿಜ ಹೇಳಬೇಕೆಂದರೆ ಹಬ್ ಬೇಗ ಬರದಿದ್ದರೂ ಚಿಂತೆಯಿಲ್ಲ ಅನ್ನಿಸತೊಡಗಿತ್ತು. ನಮ್ಮ ಅಂಗಳದಲ್ಲಿ ಅಷ್ಟು ಮಾತು ಕೇಳಿ ಬಹಳ ದಿನಗಳಾಗಿದ್ದವು.

ಕೊನೆಗೆ ಪಕ್ಕದ ಮನೆಯ ಭೀಮಣ್ಣ ಮುಂದೆ ಬಂದ. "ಸಾವಕಾರ್ರ, ನಮ್ಮ ಟ್ರ್ಯಾಕ್ಟರ್ ಹಚ್ಚಿ ಜಗ್ಗೂಣ್ರಿ. ಅದೇನ್ ಬರಂಗಿಲ್ಲ ನೋಡೇ ಬಿಡೂಣು."

ವ್ಯಾನನ್ನು ಗೇಟಿನ ಕಂಬಕ್ಕೆ ಬಿಗಿದೆವು. ಹಬ್ಬಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಕಟ್ಟಿದೆವು. ಭೀಮಣ್ಣ ಜಗ್ಗಿದ. ಧಡ್ ಎಂದು ಭಾರೀ ಸದ್ದಾಯಿತು. ಎಲ್ಲರೂ ಬಂತು, ಬಂತು ಎಂದರು. ಬಂದದ್ದು ಗೇಟಿನ ಕಂಬ!

ಅಷ್ಟು ಹೊತ್ತಿಗೆ ಎಲ್ಲರಿಗೂ ಊಟದ ನೆನಪಾಯಿತು. ಒಬ್ಬೊಬ್ಬರೇ ಎದ್ದು ಹೋದರು. ಅಂಗಳದಲ್ಲಿ ನಾನು, ಹಬ್ಬು, ಖಾಲಿ ಚಹಾದ ಲೋಟಗಳು ಉಳಿದೆವು.

ಆಗ ಸುಮಿತ್ರಾಳ ಫೋನು ಬಂತು. ಕಂಬದ ಸುದ್ದಿ ಬಿಟ್ಟು ಉಳಿದದ್ದನ್ನೆಲ್ಲ ವರದಿ ಮಾಡಿದೆ. ಅವಳು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಹ್ಯಾಂಡ್‌ಬ್ರೇಕ್ ಇಳಿಸೀರೇನ್ರಿ?"

ಹೋಗಿ ನೋಡಿದೆ. ಸುರಕ್ಷತೆಯೇ ಮೊದಲೆಂದು ಬೆಳಗ್ಗೆ ನಾನೇ ಜಗ್ಗಿ ಕೂರಿಸಿದ್ದೆ. ಬ್ರೇಕು ಒಳಗಿಂದ ಹಿಡಿದುಕೊಂಡಿತ್ತು, ನಾನು ಹೊರಗಿಂದ ಬಡಿಯುತ್ತಿದ್ದೆ! ಇಳಿಸಿ ಒಂದೇ ಏಟು ಹಾಕಿದೆ. ಹಬ್ ನೇರ ನನ್ನ ಮಡಿಲಿಗೆ ಬಂದು ಬಿತ್ತು.

ಗೆದ್ದ ಸಂಭ್ರಮಕ್ಕೆ ಸುತ್ತ ನೋಡಿದೆ. ತೋರಿಸಲು ಯಾರೂ ಇರಲಿಲ್ಲ. ವಿಡಿಯೋ ಕಾಲ್ ಹಚ್ಚಿ ಹಬ್ಬನ್ನು ಕೂಸಿನಂತೆ ಎತ್ತಿ ಹಿಡಿದು ಸುಮಿತ್ರಾಳಿಗೇ ತೋರಿಸಿದೆ.

"ಅದು ಸೀಳೇತಲ್ರಿ," ಅಂದಳು.

ಹೌದು, ನಡುವೆ ಉದ್ದಕ್ಕೆ ಬಿರುಕು. ಹಾರೆಯ ಕೆಲಸ. ಇಷ್ಟು ಹಳೆಯ ವ್ಯಾನಿಗೆ ಬೇರೆ ಹಬ್ ವಿಜಯಪುರದಲ್ಲಿ ಹುಡುಕಬೇಕು. ಅದು ನಾಳೆಯ ಮಾತಲ್ಲ. ಇಬ್ಬರಿಗೂ ಗೊತ್ತಾಯಿತು.

"ಇರಲಿ ಬಿಡ್ರಿ. ಅವ್ವ ಒಳ್ಳೆ ದಿನ ನೋಡಿದ ಮ್ಯಾಲ ನಾನ ಬಸ್ಸಿಗೆ ಬರ್ತೇನಿ. ಸೊಂಟ ನೋಯ್ತಂದ್ರ ನೋಯ್ಲಿ. ಅಲ್ಲೀತನಕ ಆ ಗಾಡಿ ಮುಟ್ಟಬ್ಯಾಡ್ರಿ."

ಹಬ್ಬನ್ನು ಮೆಲ್ಲಗೆ ಕೆಳಗಿಟ್ಟೆ.

"ಮತ್ತೇನರ ಹೇಳೋದೈತೇನ್ರಿ?"

ಇತ್ತು. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಬೇಗ ಬಾ ಎಂದು ಹೇಳಬೇಕಿತ್ತು. ಬಾಯಿ ತೆರೆದೆ.

"ಗೇಟಿನ ಕಂಬಾನೂ ಬಿದ್ದೈತಿ," ಅಂದೆ.